ತಲೆ ನೋಡದೆ ಹೆಸರು ಹೇಳಿದ ದಿನ

ಹೊಸದಾಗಿ ಕಾಲೇಜಿನ ಕೆಲಸಕ್ಕೆ ಸೇರಿದ ಹುಡುಗಿಯರು ನನ್ನನ್ನು ಕಾಣಲು ಬಂದಾಗ ಮೊದಲು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಮೇಡಂ, ಹಾವಿಗೆ ನಿಮಗ ಅಂಜಿಕಿ ಆಗತಿರಲಿಲ್ಲೇನ್ರಿ?"

ಇಲ್ಲ ಎನ್ನುತ್ತೇನೆ. ಅದು ನಿಜ. ಸೊಲ್ಲಾಪುರದ ಒಂದು ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಡೆಮಾನ್ಸ್ಟ್ರೇಟರ್ ಆಗಿ ಸೇರಿದಾಗಲೂ ಅಂಜಿಕೆ ಇರಲಿಲ್ಲ, ನಿವೃತ್ತಳಾದಾಗಲೂ ಇರಲಿಲ್ಲ. ಆದರೆ ನನ್ನಿಂದ ಆದ ಅತಿ ದೊಡ್ಡ ತಪ್ಪು ಅಂಜಿಕೆಯಿಂದ ಆದದ್ದಲ್ಲ. ನನಗೆ ಎಲ್ಲ ಗೊತ್ತಿದೆ ಎನ್ನುವ ಧೈರ್ಯದಿಂದ ಆದದ್ದು. ಬಡ್ತಿಯ ಕಥೆ ಹೇಳಿ ಯಾರಿಗೂ ಪ್ರಯೋಜನವಿಲ್ಲ, ಈ ಕಥೆಯಿಂದ ಇರಬಹುದು.

ನಮ್ಮದು ಅರಿವೆ ವ್ಯಾಪಾರದ ಮನೆತನ. ಎಪ್ಪತ್ತರ ದಶಕದಲ್ಲಿ ನಮ್ಮಂಥ ಮನೆಯ ಹೆಣ್ಣುಮಗಳು ಎಂ.ಎಸ್ಸಿ. ಓದಿದ್ದೇ ಹೆಚ್ಚು. ಓದಿ ಕಪ್ಪೆ ಹಿಡಿಯಲು ಹೋಗುತ್ತಾಳೆಂದರೆ ನೆಂಟರು ನಗುತ್ತಿದ್ದರು. ಕೆಲಸವೂ ಹಾಗೆಯೇ ಇತ್ತು. ಹುಡುಗರಿಗೆ ಕೊಯ್ದು ಕಲಿಯಲು ಕಪ್ಪೆ ಬೇಕು, ವಸ್ತುಸಂಗ್ರಹದ ಕೋಣೆಗೆ ಹಾವು, ಹಲ್ಲಿ, ಓತಿಕ್ಯಾತ ಬೇಕು. ಅವನ್ನು ತಂದುಕೊಡುವವರು ಯಾರೂ ಇರಲಿಲ್ಲ, ನಾವೇ ಹೋಗಬೇಕು. ಮೊದಲ ಮಳೆ ಬಿದ್ದ ವಾರದಲ್ಲಿ ಒಮ್ಮೆ ಮಂಗಳವೇಢೆಯ ಕಡೆಯಿಂದ ಎಸ್.ಟಿ. ಬಸ್ಸಿನಲ್ಲಿ ಗೋಣಿಚೀಲದ ತುಂಬ ಕಪ್ಪೆ ತರುತ್ತಿದ್ದೆ. ಕಂಡಕ್ಟರ್ ಬಂದು, "ಬಾಯಿ, ಪಿಶವೀತ ಕಾಯ ಆಹೆ?" ಎಂದು ಚೀಲದಲ್ಲಿ ಏನಿದೆಯೆಂದು ಕೇಳಿದ. ಕಾಲೇಜಿನ ಸಾಮಾನು ಎಂದೆ. ನಾನು ಬಾಯಿ ಮುಚ್ಚುವುದಕ್ಕೂ ಚೀಲ ವಟಗುಟ್ಟುವುದಕ್ಕೂ ಸರಿಹೋಯಿತು. ಒಂದು ವಟಗುಟ್ಟಿದರೆ ಎಲ್ಲವೂ ವಟಗುಟ್ಟುತ್ತವೆ. ಉಳಿದ ದಾರಿಯನ್ನು ನಾನು ಬಸ್ಸಿನ ಮೇಲೆ, ಲಗೇಜಿನ ಜೊತೆ ಕುಳಿತು ಮುಗಿಸಿದೆ.

ವಿಭಾಗದ ಮುಖ್ಯಸ್ಥರು ಪಟವರ್ಧನ ಸರ್. ಪುಣೆಯ ಕಡೆಯವರು, ಐವತ್ತೈದರ ಆಸುಪಾಸು, ಕಡಿಮೆ ಮಾತು. ನಮ್ಮಿಬ್ಬರ ಮಾತೆಲ್ಲ ಮರಾಠಿಯಲ್ಲಿ ನಡೆಯುತ್ತಿತ್ತು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನನ್ನನ್ನು ಹೊರಗೆ ಕಳಿಸಲು ಅಪ್ಪ ಹಿಂದೆಮುಂದೆ ನೋಡಿದಾಗ ಸರ್ ತಾವೇ ನಮ್ಮ ಅಂಗಡಿಗೆ ಬಂದು ಗಾದಿಯ ಮೇಲೆ ಕುಳಿತು ಮಾತಾಡಿದ್ದರು. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ತಿರುಗಿ ಬರಬೇಕು ಎಂಬ ಷರತ್ತಿನ ಮೇಲೆ ಅಪ್ಪ ಒಪ್ಪಿದರು. ಅಷ್ಟೇ ಅಲ್ಲ, ಹಾವು ಹಾಕುವ ಚೀಲಗಳಿಗೆ ಬೇಕಾದ ಗಟ್ಟಿ ಮಾಂಜರಪಾಟ ಬಟ್ಟೆಯನ್ನು ಅಂಗಡಿಯಿಂದಲೇ ಹರಿದುಕೊಟ್ಟರು.

ಸರ್ ಕೆಲಸ ಕಲಿಸುತ್ತಿದ್ದುದು ಕೈಯಿಂದ. ಕಲ್ಲು ಎಬ್ಬಿಸುವಾಗ ಅದರ ಆಚೆಯ ಅಂಚಿಗೆ ಕೊಕ್ಕೆ ಹಾಕಿ ನಮ್ಮ ಕಡೆಗೆ ಎಳೆಯಬೇಕು, ಆಗ ಹಾವಿಗೂ ನಮಗೂ ನಡುವೆ ಕಲ್ಲೇ ಅಡ್ಡವಾಗುತ್ತದೆ. ನೋಡಿದ ಮೇಲೆ ಕಲ್ಲನ್ನು ಇದ್ದ ಹಾಗೆಯೇ, ಅದೇ ಗುರುತಿಗೆ ಕೂಡಿಸಬೇಕು. ಬಿರುಕಿನೊಳಗೆ ಬೆರಳು ಹಾಕಬಾರದು. ಈ ಕೊನೆಯ ಮಾತನ್ನು ಅವರು ನನಗೆ ಹತ್ತು ಸಲ ಹೇಳಿದ್ದಾರೆ.

ಮೂರನೆಯ ವರ್ಷದ ಹೊತ್ತಿಗೆ ನಾನು ಗುರುತಿಸುವುದರಲ್ಲಿ ಹೆಸರು ಮಾಡಿದ್ದೆ. ಬಾಲದ ತುದಿ ಕಂಡರೆ ಸಾಕು, ಹಾವಿನ ಹೆಸರು ಹೇಳುತ್ತಿದ್ದೆ. ಅದು ಸರಿಯೂ ಇರುತ್ತಿತ್ತು. ಸರ್ ಹೊಗಳುವವರಲ್ಲ. ಆದರೆ ಒಂದು ಜೀವಿಯ ಬಗ್ಗೆ ಅನುಮಾನ ಬಂದರೆ, "ಶಶಿಕಲಾಬಾಯಿ, ಏನಿದು?" ಎಂದು ನನ್ನ ಕಡೆ ತಿರುಗುತ್ತಿದ್ದರು. ನನಗೆ ಅದೇ ದೊಡ್ಡ ಪ್ರಶಸ್ತಿ.

ಆ ವರ್ಷ ಮೊದಲ ಮಳೆ ಬಿದ್ದ ನಾಲ್ಕನೆಯ ದಿನ ಅಕ್ಕಲಕೋಟೆಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ನಾಗಣಸೂರದ ಹಾದಿಯಲ್ಲಿ ಇಳಿದೆವು. ಊರಿನಾಚೆ ಒಂದು ಕಲ್ಲಿನ ಮಾಳವಿತ್ತು. ಕರಿಕಲ್ಲು ಅಲ್ಲಿ ಪದರು ಪದರಾಗಿ ಒಡೆದು, ಒಂದರ ಮೇಲೊಂದು ರೊಟ್ಟಿ ಒಟ್ಟಿದ ಹಾಗೆ ನಿಂತಿತ್ತು. ಇಂಥ ಕಲ್ಲಿನ ಸಂದಿಗಳೇ ನಮಗೆ ಬೇಕಾದ ಜಾಗ. ಮಾಳದ ನೆತ್ತಿಯಲ್ಲಿ ಭಂಡಾರವೆಂಬ ಅರಿಶಿನಪುಡಿ ಬಳಿದ, ಕುರುಬರ ದೇವರು ಬೀರೋಬನ ಕಲ್ಲು. ಅದರ ಕೆಳಗೆ ಸಿದ್ದವ್ವ ಎಂಬ ಹೆಂಗಸಿನ ಕುರಿಗಳು ಮೇಯುತ್ತಿದ್ದವು. ಐವತ್ತು ದಾಟಿದ, ಗಟ್ಟಿ ದನಿಯ ಹೆಂಗಸು. ಹಿಂದಿನ ವರ್ಷವೂ ನಮ್ಮನ್ನು ನೋಡಿದ್ದಳು. ಮರಾಠಿಯೂ ಅವಳಿಗೆ ತಿಳಿಯುತ್ತಿತ್ತು.

"ಬಂದ್ರ್ಯಾ ಅಕ್ಕೋರ? ಈ ವರ್ಷಾನೂ ಹಲ್ಲಿ ಹುಡುಕೂದೇನ?"

"ಹೌದವ್ವಾ. ಕಪ್ಪಿನೂ ಬೇಕು."

"ದೇವರ ಕಲ್ಲ ಒಂದ ಬಿಟ್ಟು ಯಾವದರ ಎಬ್ಬಸ್ರಿ. ಎಬ್ಬಿಸಿದ್ದ ಮತ್ತ ಕೂಡಸ್ರಿ. ಹ್ವಾದ ವರ್ಷ ಯಾರೋ ಬಂದು ಎಲ್ಲಾ ಅಂಗಾತ ಮಾಡಿ ಹೋಗ್ಯಾರ, ನನ್ನ ಕುರಿ ಕಾಲ ಮುರಕೊಂಡ್ವು."

ಅಂಗಾತ ಮಾಡಿದವರು ನಾವಲ್ಲ ಎಂದು ಹೇಳಿ ಕೆಲಸಕ್ಕೆ ತೊಡಗಿದೆವು. ಅಂದು ಬೆಳಗು ಕೈತುಂಬ ಕೊಟ್ಟಿತು. ಮಣ್ಣು ತೋಡಿಕೊಂಡು ಬೇಸಿಗೆ ಕಳೆದಿದ್ದ ದುಂಡು ಕಪ್ಪೆಗಳು ಮೇಲೆದ್ದು ತಗ್ಗಿನ ನೀರಿಗೆ ಬಂದಿದ್ದವು. ಕಲ್ಲಿನ ಕೆಳಗೆ ಎರಡು ಹಾವರಾಣಿ, ಬಂಡೆಯ ಮೇಲೆ ಗಂಟಲ ಬೀಸಣಿಗೆ ಬಿಚ್ಚಿ ಹೆಣ್ಣನ್ನು ಕರೆಯುತ್ತಿದ್ದ ಒಂದು ಓತಿಕ್ಯಾತ. ಸರ್ ಮಂಡಿಯೂರಿ ಅದರ ಬಣ್ಣವನ್ನು ಬರೆದುಕೊಳ್ಳುತ್ತಿದ್ದರು. ಹತ್ತು ಗಂಟೆಗೆ ಒಂದು ಪದರಿನ ಸಂದಿಯಲ್ಲಿ ಕಂದು ಮೈಯ, ಬಿಳಿ ಪಟ್ಟೆಯ ಒಂದು ಹಾವು ನನಗೆ ಕಂಡಿತು. ಬೆಕ್ಕುಹಾವು ಎಂದೆ. ಕೊಕ್ಕೆಯಿಂದ ಎಳೆದು ನೋಡಿದರೆ ಬೆಕ್ಕುಹಾವೇ. ಮರಾಠಿಯಲ್ಲಿ ಅದಕ್ಕೆ ಮಾಂಜ್ರ್ಯಾ ಎನ್ನುತ್ತಾರೆ. ಸಿಟ್ಟಿನ ಹಾವು, ಕಚ್ಚಲು ಬರುತ್ತದೆ, ಮನುಷ್ಯನಿಗೆ ಅದರಿಂದ ಅಪಾಯವಿಲ್ಲ. ಸರ್ ಅದನ್ನು ಬರಿಗೈಯಲ್ಲಿ ಹಿಡಿದು ನೋಡಿ, ಅಳತೆ ಮಾಡಿ, ಬಿಟ್ಟರು.

ಹನ್ನೊಂದಕ್ಕೆ ಇನ್ನೊಂದು ಸಂದಿ. ಒಳಗೆ ಒಂದು ಗೇಣು ಮೈ ಮಾತ್ರ ಕಾಣುತ್ತಿತ್ತು. ಅದೇ ಕಂದು, ಅದೇ ಬಿಳಿ ಗುರುತು. ತಲೆಯೂ ಬಾಲವೂ ಕಲ್ಲಿನ ಮರೆಯಲ್ಲಿದ್ದವು.

ಸರ್ ಕೇಳಿದರು. "ಶಶಿಕಲಾಬಾಯಿ, ಏನಿದು?"

ನಾನು ಬಗ್ಗಲೂ ಇಲ್ಲ. ನಿಂತಲ್ಲಿಂದಲೇ ಹೇಳಿದೆ. "ಮತ್ತೊಂದು ಮಾಂಜ್ರ್ಯಾ ಸರ್."

ಅವರು ಹತ್ತು ಸಲ ಹೇಳಿಕೊಟ್ಟ ಮಾತನ್ನು ತಾವೇ ಮರೆತು ಬೆರಳು ಹಾಕಿದರು. ಯಾಕೆಂದರೆ ನಾನು ಹೇಳಿದ್ದೆ. ಹಾವು ತಿರುಗಿ ಬಲಗೈಯ ನಡುಬೆರಳಿಗೆ ಕಚ್ಚಿತು. "ಕೋಪಿಷ್ಠ ಪ್ರಾಣಿ," ಎಂದು ಅವರು ನಕ್ಕರು. ಸಂದಿಯ ಬಾಯಿಗೇ ಚೀಲ ಒಡ್ಡಿ, ತಲೆ ನೋಡುವ ಗೋಜಿಗೆ ಹೋಗದೆ, ಕೊಕ್ಕೆಯಿಂದ ಅದನ್ನು ಒಳಗೆ ಇಳಿಸಿ ಬಾಯಿ ಕಟ್ಟಿದೆವು. ಸರ್ ಬೆರಳಿಗೆ ಕರವಸ್ತ್ರ ಸುತ್ತಿಕೊಂಡು ಮುಂದಿನ ಕಲ್ಲಿಗೆ ನಡೆದರು. ನಾನು ಕಪ್ಪೆಗಳನ್ನು ಎಣಿಸತೊಡಗಿದೆ.

ನಲವತ್ತು ನಿಮಿಷ ಹೀಗೆಯೇ ಹೋಯಿತು. ಈ ನಲವತ್ತು ನಿಮಿಷವನ್ನು ನಾನು ಇವತ್ತಿಗೂ ಕ್ಷಮಿಸಿಕೊಂಡಿಲ್ಲ.

ಬುತ್ತಿ ಬಿಚ್ಚುವ ಹೊತ್ತಿಗೆ ಸಿದ್ದವ್ವ ನಮಗೆ ಮಜ್ಜಿಗೆ ತಂದಳು. ಸರ್ ಕೈಚಾಚಿದಾಗ ಅವಳ ಕಣ್ಣು ಕರವಸ್ತ್ರದ ಮೇಲೆ ಬಿತ್ತು. ಅದು ಪೂರ್ತಿ ಕೆಂಪಾಗಿತ್ತು. ಸೂಜಿಮೊನೆಯಷ್ಟು ಗಾಯದಿಂದ ಇನ್ನೂ ರಕ್ತ ಜಿನುಗುತ್ತಿತ್ತು.

"ಏನ ಕಡೀತು ಸಾಹೇಬ್ರಿಗೆ?"

"ಹಾವು. ಅದರದೇನೂ ಭಯ ಇಲ್ಲವ್ವಾ, ಇಸಾ ಇಲ್ಲದ್ದು," ಎಂದೆ ನಾನು.

"ಎಲ್ಲೈತಿ ಅದು?"

ಚೀಲ ತೋರಿಸಿದೆ. ಅವಳು ಕೋಲಿನಿಂದ ಚೀಲದ ಬದಿಯನ್ನು ಮೆಲ್ಲಗೆ ಮುಟ್ಟಿದಳು. ಒಳಗಿನಿಂದ ಒಂದು ಸಪ್ಪಳ ಬಂತು. ಬುಸುಗುಡುವುದಲ್ಲ, ಬೇರೆಯೇ ಸಪ್ಪಳ.

"ಕೇಳ್ರಿ ಅಕ್ಕೋರ. ಕಾದ ಹಂಚಿನ ಮ್ಯಾಲ ನೀರ ಚಿಮುಕಿಸಿದಂಗ ಕೇಳಸ್ತೈತಿಲ್ಲ? ಇಸಾ ಇಲ್ಲದ ಹಾವು ಹಿಂಗ ಒದರಾಂಗಿಲ್ಲ. ಇದ ಹಾವು ನಮ್ಮಣ್ಣಗ ಕಡದಿತ್ತು."

ಆ ಸಪ್ಪಳ ಯಾವುದೆಂದು ನಾನು ಪುಸ್ತಕದಲ್ಲಿ ಓದಿದ್ದೆ, ಹುಡುಗರಿಗೆ ಪಾಠವನ್ನೂ ಮಾಡಿದ್ದೆ. ಮೈಯ ಒರಟು ಹುರುಪೆಗಳನ್ನು ಒಂದಕ್ಕೊಂದು ಉಜ್ಜಿ ಆ ಸಪ್ಪಳ ಮಾಡುವ ಹಾವು ನಮ್ಮ ಸೀಮೆಯಲ್ಲಿ ಒಂದೇ. ಚೀಲದ ಬಾಯಿಯನ್ನು ಕೋಲಿನಿಂದ ಬಿಡಿಸಿ ಬೆಳಕಿಗೆ ಹಿಡಿದೆ. ತಲೆಯ ಮೇಲೆ ಅಗಲವಾದ ಫಲಕಗಳಿರಲಿಲ್ಲ. ಸಾಸಿವೆಯಂಥ ಸಣ್ಣ ಸಣ್ಣ ಹುರುಪೆ. ನೆತ್ತಿಯ ಮೇಲೆ ಹಕ್ಕಿಯ ಹೆಜ್ಜೆಯಂಥ ಬಿಳಿ ಗುರುತು. ಗರಗಸ ಮಂಡಲ ಎಂಬ ಕಡುವಿಷದ ಹಾವು, ಮರಾಠಿಯವರ ಫುರಸೆ.

ಆಗ ಒಂದು ಕ್ಷಣ ನನ್ನ ಮನಸ್ಸಿನಲ್ಲಿ ಬಂದದ್ದನ್ನೂ ಹೇಳಬೇಕು. ಸುಮ್ಮನಿರೋಣ, ಸಣ್ಣ ಹಾವು, ಬಹುಶಃ ವಿಷ ಇಳಿದಿರಲಿಕ್ಕಿಲ್ಲ, ಸಂಜೆ ಹೇಗೂ ಊರಿಗೆ ಹೋಗುತ್ತೇವೆ ಎಂದು ಅನ್ನಿಸಿತು. ಒಂದೇ ಕ್ಷಣ, ಆದರೆ ಅನ್ನಿಸಿತು.

"ಸರ್, ನಾನು ತಪ್ಪು ಹೇಳಿದೆ. ಇದು ಫುರಸೆ."

ಅವರು ಚೀಲದೊಳಗೆ ಇಣುಕಿದರು. ಮುಖದಲ್ಲಿ ಏನೂ ಬದಲಾಗಲಿಲ್ಲ. ಗಡಿಯಾರ ನೋಡಿದರು. "ನಲವತ್ತು ನಿಮಿಷ. ಬ್ಲೇಡು ತೆಗೆಯಿರಿ. ದಾರ ಕಟ್ಟಿ, ಕೊಯ್ಯಿರಿ."

ಆಗಿನ ಪದ್ಧತಿ ಅದೇ. ನಮ್ಮ ಪೆಟ್ಟಿಗೆಯಲ್ಲಿ ದಾರ, ಬ್ಲೇಡು, ಗಾಯಕ್ಕೆ ಹಾಕುವ ನೇರಳೆ ಬಣ್ಣದ ಪುಡಿ ಎಲ್ಲ ಇದ್ದವು. ಕಚ್ಚಿದ ಜಾಗದ ಮೇಲೆ ಬಿಗಿಯಾಗಿ ಕಟ್ಟು, ಕೊಯ್ದು ರಕ್ತ ಹರಿಸು ಎಂದೇ ನಾವು ಕಲಿತದ್ದು, ಕಲಿಸುತ್ತಿದ್ದದ್ದು. ನಾನು ಬ್ಲೇಡಿನ ಕಾಗದ ಬಿಡಿಸಿದೆ.

ಸಿದ್ದವ್ವ ನನ್ನ ಮಣಿಕಟ್ಟು ಹಿಡಿದಳು. "ಕೊಯ್ಯಬ್ಯಾಡ್ರಿ. ನಮ್ಮಣ್ಣಗ ಕೊಯ್ದರು. ಹಾವು ಕಡದ ಗಾಯ ಇಷ್ಟ ಇಷ್ಟು ಇತ್ತು, ಕೊಯ್ದದ್ದು ಇಷ್ಟ ಉದ್ದ. ಆ ರಕ್ತ ನಿಲ್ಲಲೇ ಇಲ್ಲ. ಹಾವಿಂದ ಸತ್ತನೋ ಕೊಯ್ದದ್ದಕ್ಕ ಸತ್ತನೋ, ಯಾರ ಹೇಳಬೇಕು?"

ನಾನು ಸರ್ ಅವರ ಬೆರಳನ್ನು ನೋಡಿದೆ. ಎರಡು ಸೂಜಿಮೊನೆಯ ತೂತುಗಳೇ ನಲವತ್ತು ನಿಮಿಷವಾದರೂ ಮುಚ್ಚಿಕೊಂಡಿಲ್ಲ. ಈ ವಿಷ ರಕ್ತವನ್ನು ಹೆಪ್ಪುಗಟ್ಟಲು ಬಿಡುವುದಿಲ್ಲ. ಅದೂ ನನಗೆ ಗೊತ್ತಿದ್ದ ಪಾಠವೇ. ಎರಡು ಪಾಠಗಳು ಒಂದಕ್ಕೊಂದು ಎದುರಾಗಿದ್ದವು, ನಾನು ಎಂದೂ ಜೋಡಿಸಿ ನೋಡಿರಲಿಲ್ಲ. ಬ್ಲೇಡನ್ನು ಮತ್ತೆ ಕಾಗದದಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿದೆ.

"ಕೊಯ್ಯುವುದಿಲ್ಲ ಸರ್. ನೀವು ಅಲ್ಲಾಡಬೇಡಿ. ದವಾಖಾನೆಗೆ ಹೋಗೋಣ."

ಮುಕ್ಕಾಲು ಗಂಟೆಯ ಹಿಂದೆಯಷ್ಟೇ ತಪ್ಪು ಹೇಳಿದ್ದವಳ ಮಾತು ಅದು. ಆದರೂ ಅವರು ಒಪ್ಪಿದರು. ನಾನು ಸೀರೆಯ ಮೇಲೆ ಹೊದ್ದಿದ್ದ ಟವೆಲ್ಲಿನಿಂದ ಅವರ ಕೈಯನ್ನು ಕೊರಳಿಗೆ ತೂಗುಹಾಕಿದೆ. ಈಗಿನ ಡಾಕ್ಟರರು ಹೇಳುವುದೂ ಇದನ್ನೇ. ಕಟ್ಟಬೇಡಿ, ಕೊಯ್ಯಬೇಡಿ, ಚೀಪಬೇಡಿ, ಅಲ್ಲಾಡಿಸದೆ ಬೇಗ ಕರೆತನ್ನಿ ಎಂದು. ಅಂದು ನಮಗೆ ಅದನ್ನು ಹೇಳಿದವಳು ಕುರಿ ಕಾಯುವ ಹೆಂಗಸು.

ರಸ್ತೆ ಒಂದೂವರೆ ಮೈಲು. ನಡೆದರೆ ವಿಷ ಬೇಗ ಏರುತ್ತದೆ. ಸಿದ್ದವ್ವನ ಹತ್ತಿರ ಸಾಮಾನು ಹೊರುವ ಒಂದು ತಟ್ಟು ಕುದುರೆ ಇತ್ತು. ಅದರ ಮೇಲಿದ್ದ ಕಂಬಳಿ, ಮಡಕೆ, ಹಗ್ಗ ಎಲ್ಲವನ್ನೂ ಅವಳು ನೆಲಕ್ಕೆ ಕೆಡವಿದಳು. ಇಬ್ಬರೂ ಸೇರಿ ಸರ್ ಅವರನ್ನು ಹತ್ತಿಸಿದೆವು. ಹೊರಡುವ ಮುಂಚೆ ಅವಳು ಬೀರೋಬನ ಕಲ್ಲಿನಿಂದ ಒಂದು ಚಿಟಿಕೆ ಭಂಡಾರ ತಂದು ಅವರ ಹಣೆಗೆ ಹಚ್ಚಿದಳು. ದೇವರು ದಿಂಡರು ನಂಬದ ಮನುಷ್ಯ, ತಲೆ ಬಗ್ಗಿಸಿ ಹಚ್ಚಿಸಿಕೊಂಡರು. ಕುರಿಗಳನ್ನು ಎರಡು ನಾಯಿಗಳಿಗೆ ಬಿಟ್ಟು ಸಿದ್ದವ್ವ ಕಡಿವಾಣ ಹಿಡಿದು ನಡೆದಳು. ನಾನು ಒಂದು ಕೈಯಲ್ಲಿ ಹಾವಿನ ಚೀಲವನ್ನು ಮೈಗೆ ತಾಗದಂತೆ ಕೋಲಿಗೆ ನೇತುಹಾಕಿಕೊಂಡು, ಇನ್ನೊಂದು ಕೈಯಿಂದ ಸರ್ ಅವರ ಬೆನ್ನಿಗೆ ಆನಿಕೆಯಾಗಿ ನಡೆದೆ.

ರಸ್ತೆಗೆ ಬಂದಾಗ ಅಕ್ಕಲಕೋಟೆಯ ಬಸ್ಸು ದೂರದಲ್ಲಿ ಕಂಡಿತು. ಸಿದ್ದವ್ವ ಕುದುರೆಯನ್ನೇ ರಸ್ತೆಗೆ ಅಡ್ಡ ನಿಲ್ಲಿಸಿದಳು. ವಿಷಯ ತಿಳಿದ ಡ್ರೈವರ್ ಎಲ್ಲಿಯೂ ನಿಲ್ಲಿಸದೆ ಹೋಗುತ್ತೇನೆಂದ. ನಡುವಿನ ಊರಿಗೆ ಇಳಿಯಬೇಕಿದ್ದ ಒಬ್ಬ ಮುದುಕಿ, "ಹೊಡಿ ಗಾಡಿ, ನಾ ಅಲ್ಲಿಂದ ಹಿಂದಕ್ಕ ನಡಕೋತ ಬರ್ತೀನಿ," ಎಂದಳು. ಯಾರೂ ಎದುರಾಡಲಿಲ್ಲ.

ಅಕ್ಕಲಕೋಟೆಯ ದವಾಖಾನೆಯಲ್ಲಿ ಒಬ್ಬ ಎಳೆಯ ಡಾಕ್ಟರ್ ಇದ್ದರು. ವಿಷಕ್ಕೆ ಕೊಡುವ ಇಂಜೆಕ್ಷನ್ನಿನ ನಾಲ್ಕು ಬಾಟಲಿ ಮಾತ್ರ ಉಳಿದಿದ್ದವು. ಆ ಔಷಧಿಯೇ ಕೆಲವರ ಮೈಗೆ ಒಗ್ಗದೆ ಜೀವಕ್ಕೆ ಕುತ್ತಾಗುವುದೂ ಉಂಟು. ಸುಮ್ಮಸುಮ್ಮನೆ ಕೊಡುವಂತಿಲ್ಲ.

"ಯಾವ ಹಾವು? ಖಾತ್ರಿ ಇದೆಯೇ?"

"ಫುರಸೆ. ಖಾತ್ರಿ ಇದೆ," ಎಂದೆ.

ಸರ್ ಮಂಚದ ಮೇಲಿಂದ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. "ಮೊದಲು ಇವರು ವಿಷವಿಲ್ಲದ್ದು ಅಂದಿದ್ದರು."

ಡಾಕ್ಟರ್ ನನ್ನ ಕಡೆ ತಿರುಗಿದರು. "ಆಗ ಒಂದು, ಈಗ ಒಂದು. ಯಾವುದನ್ನು ನಂಬಲಿ?"

ಆ ಕೋಣೆಯಲ್ಲಿ ನರ್ಸು, ಬಾಗಿಲಲ್ಲಿ ಬಸ್ಸಿನಿಂದ ಇಳಿದು ಬಂದ ಐದಾರು ಜನ. ಎಲ್ಲರ ಎದುರಿಗೆ ಹೇಳಿದೆ. "ಆಗ ನಾನು ತಲೆ ನೋಡದೆ ಹೇಳಿದೆ. ಅದು ನನ್ನ ತಪ್ಪು. ಈಗ ನೋಡಿ ಹೇಳುತ್ತಿದ್ದೇನೆ. ನನ್ನನ್ನು ನಂಬಬೇಡಿ, ಅವರ ರಕ್ತವನ್ನು ಗಾಜಿನ ನಳಿಗೆಯಲ್ಲಿ ತೆಗೆದು ಇಡಿ. ಹೆಪ್ಪುಗಟ್ಟದಿದ್ದರೆ ನಂಬಿ."

ಡಾಕ್ಟರ್ ಹಾಗೆಯೇ ಮಾಡಿದರು. ಗೋಡೆಯ ಗಡಿಯಾರದ ಕೆಳಗೆ ಇಪ್ಪತ್ತು ನಿಮಿಷ ನಿಂತೆವು. ನಳಿಗೆಯನ್ನು ಓರೆ ಮಾಡಿದಾಗ ರಕ್ತ ನೀರಿನ ಹಾಗೆ ಹರಿಯಿತು. ಅಷ್ಟರಲ್ಲಿ ಸರ್ ಅವರ ಒಸಡಿನಿಂದಲೂ ರಕ್ತ ಕಾಣಿಸಿತು. ಡಾಕ್ಟರ್ ನಾಲ್ಕೂ ಬಾಟಲಿ ಏರಿಸಿದರು, ಮತ್ತು ಉಳಿದ ಚಿಕಿತ್ಸೆಗೆ ಜೀಪಿನಲ್ಲಿ ಸೊಲ್ಲಾಪುರಕ್ಕೆ ಕಳಿಸಿದರು.

ಸಿದ್ದವ್ವ ನಮ್ಮ ಜೊತೆ ಬಸ್ಸು ಹತ್ತಿರಲಿಲ್ಲ. ಅವಳಿಗೆ ಥ್ಯಾಂಕ್ಸ್ ಹೇಳಲೂ ನನಗೆ ನೆನಪಾಗಿರಲಿಲ್ಲ.

ಮೂರು ದಿನ ಅಪಾಯ, ಆಮೇಲೆ ಚೇತರಿಕೆ. ನಡುಬೆರಳಿನ ತುದಿ ಕಪ್ಪಾಗಿ, ಅಲ್ಲಿಗೆ ಒಂದು ಗೆಣ್ಣು ತೆಗೆಯಬೇಕಾಯಿತು. ನಾನು ರಾಜೀನಾಮೆ ಬರೆದುಕೊಂಡು ಆಸ್ಪತ್ರೆಗೆ ಹೋದೆ. ಸರ್ ಅದನ್ನು ಓದಿ ದಿಂಬಿನ ಕೆಳಗೆ ಇಟ್ಟರು.

"ನೋಡದೆ ಕೈ ಹಾಕಿದ್ದು ನನ್ನ ತಪ್ಪು. ನೋಡದೆ ಹೆಸರು ಹೇಳಿದ್ದು ನಿಮ್ಮದು. ನಿಮ್ಮ ತಪ್ಪು ಸಣ್ಣದು ಎಂದು ಸಮಾಧಾನ ಹೇಳುವುದಿಲ್ಲ. ಆದರೆ ಆ ಹಾವು ಈಗ ನಮ್ಮ ಸಂಗ್ರಹಕ್ಕೆ ಸೇರಿದೆ. ಅದರ ಚೀಟಿ ಯಾರು ಬರೆಯುತ್ತಾರೆ?"

ಚೀಟಿಯನ್ನು ನಾನೇ ಬರೆದೆ. ಹೆಸರು, ಸ್ಥಳ, ಉದ್ದ, ಮತ್ತು ಅವರ ಒತ್ತಾಯದ ಮೇಲೆ ಇನ್ನೊಂದು ಸಾಲು. ಮೊದಲಿಗೆ ತಪ್ಪಾಗಿ ಬೆಕ್ಕುಹಾವೆಂದು ಗುರುತಿಸಿದವರು ಶಶಿಕಲಾ. ಮೂವತ್ತು ವರ್ಷ ಪ್ರತಿ ತಂಡದ ಹುಡುಗರೂ ಆ ಗಾಜಿನ ಭರಣಿಯ ಚೀಟಿ ಓದಿ ನನ್ನ ಮುಖ ನೋಡಿದ್ದಾರೆ. ನೋಡಲಿ ಎಂದೇ ನಾನು ಅದನ್ನು ಮುಂದಿನ ಸಾಲಿನಲ್ಲಿ ಇಟ್ಟಿದ್ದೆ.

ಇನ್ನು ಮನೆಯಲ್ಲಿ ಅಪ್ಪ ಕೆಲಸ ಬಿಡಿಸುತ್ತಾರೆಂದು ನಾನು ತಿಳಿದಿದ್ದೆ. ಅವರು ಅಂಗಡಿ ಮುಚ್ಚಿ ಬಂದು ನನ್ನ ಎದುರು ಕುಳಿತರು.

"ಶಶಿ, ನಾ ಅರಿವಿ ಗುರುತ ತಪ್ಪಿ ಕೊಟ್ರ ಗಿರಾಕಿ ನಾಳೆ ತಿರುಗಿ ತರತಾನ. ನಿನ್ನ ಕೆಲಸದಾಗ ತಿರುಗಿ ತರೂದು ಇಲ್ಲ. ಬಿಡು ಅಂತ ಹೇಳಾಕತ್ತಿಲ್ಲ. ಇನ್ನ ಮ್ಯಾಲ ಮಡಿಕಿ ಪೂರಾ ಬಿಚ್ಚಿ ನೋಡಿ ಹೇಳು."

ಅಕ್ಕಲಕೋಟೆಯ ಆ ಡಾಕ್ಟರ್ ಆಮೇಲೆ ಹಾವು ಕಚ್ಚಿದವರು ಬಂದಾಗಲೆಲ್ಲ, ಹಾವನ್ನೂ ತಂದಿದ್ದರೆ ಅದನ್ನು ನಮ್ಮ ವಿಭಾಗಕ್ಕೆ ಕಳಿಸತೊಡಗಿದರು. ಡಬ್ಬಿಯಲ್ಲಿ, ಮಡಕೆಯಲ್ಲಿ, ಒಮ್ಮೆ ಊಟದ ಡಬ್ಬಿಯಲ್ಲಿಯೂ ಬಂದವು. ತಂದವರು ಅಳುತ್ತ, ಬೇಗ ಹೇಳ್ರಿ ಎಂದು ಕೂಗುತ್ತ ನಿಂತಿರುತ್ತಿದ್ದರು. ಎರಡು ನಿಮಿಷ ತಡೀರಿ ಎನ್ನುತ್ತಿದ್ದೆ. ತಲೆ ನೋಡಿ, ಮೈ ನೋಡಿ, ಬಾಲದ ಕೆಳಗಿನ ಹುರುಪೆ ಎಣಿಸಿ ಆಮೇಲೆ ಹೇಳುತ್ತಿದ್ದೆ. ಒಂದರಲ್ಲಿಯೂ ತಪ್ಪಲಿಲ್ಲ. ಇದನ್ನು ಜಂಬದಿಂದಲೇ ಹೇಳುತ್ತೇನೆ.

ಆ ವರ್ಷದ ಚಳಿಗಾಲದಲ್ಲಿ ಸರ್ ನನ್ನನ್ನು ಕರೆದುಕೊಂಡು ಮತ್ತೆ ನಾಗಣಸೂರದ ಮಾಳಕ್ಕೆ ಹೊರಟರು. ಅಪ್ಪ ಸಿದ್ದವ್ವನಿಗೆಂದು ಒಂದು ಸೊಲ್ಲಾಪುರಿ ಚಾದರ ಕಟ್ಟಿಕೊಟ್ಟರು. ಅವಳು ಅದನ್ನು ಬಿಚ್ಚಿ, ಮೂಸಿ, ತಟ್ಟು ಕುದುರೆಯ ಬೆನ್ನಿಗೆ ಹಾಕಿ ನೋಡಿ, ತೆಗೆದು ತಾನೇ ಹೊದ್ದುಕೊಂಡಳು. ಆಮೇಲೆ ಸರ್ ಅವರ ಮೊಂಡು ಬೆರಳನ್ನು ಹಿಡಿದು ತಿರುಗಿಸಿ ನೋಡಿದಳು.

"ಇಷ್ಟರಾಗ ಹೋತು, ಚಲೋ ಆತು," ಎಂದಳು. ನನ್ನ ಕಡೆ ತಿರುಗಿ, "ಅಕ್ಕೋರ, ಅವತ್ತ ಒಂದ ಮಾತ ಹೇಳಿದ್ರಿ ನೋಡ್ರಿ, ನಾ ತಪ್ಪ ಹೇಳಿದ್ನಿ ಅಂತ. ಮೂವತ್ತ ವರ್ಷ ಗಂಡನ ಕೂಡ ಬಾಳೇವು ಮಾಡೀನಿ. ಒಂದ ದಿನಾನೂ ಅವನ ಬಾಯಾಗ ಆ ಮಾತ ಕೇಳಿಲ್ಲ. ಹಂಗ ಅಂದ್ರ ಯಾರೂ ಸಾಯಾಂಗಿಲ್ಲ ಅಂತ ನನಗ ಅವತ್ತ ಗೊತ್ತಾತು!"

ಕನ್ನಡ ತಿಳಿಯದ ಸರ್ ಏನೆಂದು ಕೇಳಿದರು. ಮರಾಠಿಯಲ್ಲಿ ಹೇಳಿದೆ. ಅವರು ಕಲ್ಲಿನ ಮೇಲೆ ಕುಳಿತು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಆಮೇಲೆ ಎದ್ದು ಹತ್ತಿರದ ಸಂದಿಯನ್ನು ಕೋಲಿನಿಂದ ತೋರಿಸಿದರು.

"ಶಶಿಕಲಾಬಾಯಿ, ಏನಿದು?"

ನಾನು ಹೊಟ್ಟೆಯ ಮೇಲೆ ಮಲಗಿ ಒಳಗೆ ನೋಡತೊಡಗಿದೆ. ಸರ್ ಅವಸರಪಡಿಸಲಿಲ್ಲ.